ಲೆಕ್ಕಕ್ಕೆ ಸಿಕ್ಕದ ಆಟಗಾರ: ಅಮೆರಿಕದ ಫುಟ್‌ಬಾಲಿನಲ್ಲಿ ಲೈನ್‌ಮನ್‌ನ ವೃತ್ತಿಜೀವನ

ತುಮಕೂರಿಗೆ ಸಮೀಪದ ಕೈದಾಳದ ಚೆನ್ನಕೇಶವ ದೇವಾಲಯವನ್ನು ಕಟ್ಟಿಸಿದವನು ಹೊಯ್ಸಳರ ಸಾಮಂತನಾದ ಬಾಚಿಯೆಂಬುದು ಅಲ್ಲಿಯ ಹನ್ನೆರಡನೆಯ ಶತಮಾನದ ಶಾಸನದಿಂದ ತಿಳಿದುಬರುತ್ತದೆ. ಅಲ್ಲಿಯ ಮೂರ್ತಿಯನ್ನು ಕಡೆದವರಾರೆಂಬ ಪ್ರಶ್ನೆಗೆ ಊರಿನವರು ಕೊಡುವ ಉತ್ತರ ಜಕಣಾಚಾರಿಯ ಐತಿಹ್ಯ. ಕಟ್ಟಿಸಿದವನಿಗೆ ಶಾಸನ, ಕಡೆದವನಿಗೆ ಕಥೆ. ಬೇಲೂರು ಹಳೆಯಬೀಡುಗಳಲ್ಲಿ ಕೆಲವರು ರೂವಾರಿಗಳು ತಮ್ಮ ಹೆಸರನ್ನು ಕೊರೆದಿಟ್ಟಿರುವುದುಂಟಾದರೂ ಅಂಥವರ ಭಾಗ್ಯ ಎಲ್ಲರದಲ್ಲ. ೧೮೮೪ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿಯ ಚರಿತ್ರೆಯನ್ನು ಬರೆಯಹೊರಟವರಿಗೆ ವೀರಣ್ಣನವರ ಆತ್ಮಕಥೆಯಿದೆ, ಮುಖ್ಯ ನಟನಟಿಯರ ಹೆಸರುಗಳಿವೆ. ಪರದೆ ಎಳೆದವರ, ದೀಪ ನೋಡಿಕೊಂಡವರ ಹೆಸರುಗಳನ್ನು ಕಲೆಹಾಕುವುದು ಪ್ರಯಾಸದ ಕೆಲಸ. ಕುಣಿಗಲಿನ ಫಾರಮ್ಮಿನಲ್ಲಿ ಹುಟ್ಟಿದ ಪಂದ್ಯದ ಕುದುರೆಗೆ ತಂದೆತಾಯಿ ಅಜ್ಜ ಮುತ್ತಜ್ಜರ ಸಮೇತ ವಂಶಾವಳಿಯ ದಾಖಲೆ ಸಿದ್ಧವಾಗಿರುತ್ತದೆ. ಅದರ ಮೈಯುಜ್ಜಿ ಮೇವು ಹಾಕಿದ ಲಾಯದ ಆಳಿಗೆ ಅಂಥದೊಂದು ಪುಸ್ತಕವಿಲ್ಲ.

ಚರಿತ್ರೆಯ ವಿದ್ಯಾರ್ಥಿಗೆ ಈ ತೊಂದರೆ ಹೊಸದಲ್ಲ. ದಾಖಲೆ ಎಲ್ಲಿದೆಯೋ ಅಲ್ಲಿಗೆ ಚರಿತ್ರೆ ಹರಿಯುತ್ತದೆ. ಆದರೆ ಹಿಂದಿನ ಕಾಲದಲ್ಲಿ ದಾಖಲೆಗಳು ಕಡಮೆಯಾಗಿದ್ದುದರಿಂದ ಹೀಗಾಯಿತು, ಎಲ್ಲವನ್ನೂ ಅಳೆದು ಬರೆದಿಡುವ ನಮ್ಮ ಕಾಲದಲ್ಲಿ ಹೀಗಾಗದು ಎಂಬ ನಂಬಿಕೆಯೊಂದು ನಮ್ಮಲ್ಲಿ ಹರಡಿದೆ. ಆ ನಂಬಿಕೆ ಎಷ್ಟರಮಟ್ಟಿಗೆ ಸಾಧುವೆಂಬುದನ್ನು ನೋಡಲು ಅಂಕಿ-ಅಂಶಗಳಿಗೆ ಲೋಕಪ್ರಸಿದ್ಧವಾದ ಒಂದು ಕ್ಷೇತ್ರವನ್ನು ಆರಿಸಿಕೊಳ್ಳುವುದು ಮೇಲು. ಅಮೆರಿಕದ ವೃತ್ತಿಪರ ಫುಟ್‌ಬಾಲ್ ಅಂಥದು. ಅಲ್ಲಿ ಪ್ರತಿಯೊಂದು ಓಟ, ಪ್ರತಿಯೊಂದು ಎಸೆತ, ಪ್ರತಿಯೊಂದು ಗಜವೂ ಲೆಕ್ಕಕ್ಕೆ ಸೇರುತ್ತದೆ. ಹಾಗಿದ್ದೂ ಕಣದಲ್ಲಿ ನಿಂತ ಹನ್ನೊಂದು ಮಂದಿಯಲ್ಲಿ ಐವರ ಕೆಲಸ ಲೆಕ್ಕಕ್ಕೆ ಸಿಕ್ಕದೆ ಉಳಿದಿದೆ. ಆ ಐವರನ್ನು ‘ಆಫೆನ್ಸಿವ್ ಲೈನ್‌ಮನ್’ ಎಂದು ಕರೆಯುತ್ತಾರೆ. ಅವರ ವೃತ್ತಿಜೀವನದ ಸ್ವರೂಪವೇ ಪ್ರಕೃತ ಲೇಖನದ ವಿಷಯ.

ನಮ್ಮ ಊರುಗಳಲ್ಲಿ ಲೈನ್‌ಮನ್ ಎಂದರೆ ವಿದ್ಯುತ್ ಕಂಬ ಹತ್ತುವವನು. ಕರೆಂಟು ಇರುವಷ್ಟು ಹೊತ್ತೂ ಅವನ ನೆನಪು ಯಾರಿಗೂ ಬಾರದು. ಹೋದೊಡನೆ ಬೀದಿಯೆಲ್ಲ ಅವನ ಹೆಸರನ್ನು ಕೂಗುತ್ತದೆ. ಹೆಸರಿನ ಸಾಮ್ಯ ಆಕಸ್ಮಿಕವೇ ಸರಿ. ಆದರೂ ಈ ಲೇಖನವನ್ನು ಓದುವವರು ಅವನನ್ನು ಮನಸ್ಸಿನಲ್ಲಿಟ್ಟುಕೊಂಡರೆ ನಷ್ಟವಿಲ್ಲ.

ಮೊದಲು ಆಟವನ್ನು ತಿಳಿಯಬೇಕು. ನಾವು ಫುಟ್‌ಬಾಲ್ ಎನ್ನುವ, ಕಾಲಿನಿಂದ ಆಡುವ ಆಟಕ್ಕೂ ಇದಕ್ಕೂ ಹೆಸರಿನ ಹೊರತು ಸಂಬಂಧ ಅತ್ಯಲ್ಪ. ಅಂಕಣದ ಉದ್ದ ೧೦೦ ಗಜ. ಚೆಂಡು ಯಾರ ವಶದಲ್ಲಿದೆಯೋ ಆ ಪಕ್ಷಕ್ಕೆ ಹತ್ತು ಗಜ ಮುಂದೆ ಸಾಗಲು ನಾಲ್ಕು ಅವಕಾಶಗಳಿರುತ್ತವೆ. ಸಾಗಿದರೆ ಮತ್ತೆ ನಾಲ್ಕು, ಸಾಗದಿದ್ದರೆ ಚೆಂಡು ಎದುರಾಳಿಗೆ. ಪ್ರತಿಯೊಂದು ಅವಕಾಶವೂ ಚೆಂಡನ್ನು ನೆಲದ ಮೇಲಿಟ್ಟು, ಅದರ ಆಚೆಗೂ ಈಚೆಗೂ ಎರಡು ಸಾಲುಗಳು ಮುಖಾಮುಖಿ ಬಗ್ಗಿ ನಿಲ್ಲುವುದರಿಂದ ಆರಂಭವಾಗುತ್ತದೆ. ಮಧ್ಯದಲ್ಲಿರುವ ಸೆಂಟರ್ ಎಂಬವನು ಚೆಂಡನ್ನು ತನ್ನ ಎರಡು ಕಾಲುಗಳ ನಡುವಿನಿಂದ ಹಿಂದಕ್ಕೆ ಕೊಡುತ್ತಾನೆ. ಅದನ್ನು ಪಡೆಯುವವನು ಕ್ವಾರ್ಟರ್‌ಬ್ಯಾಕ್. ಅವನು ಚೆಂಡನ್ನು ಮುಂದಿರುವ ಸಂಗಡಿಗನಿಗೆ ಎಸೆಯಬಹುದು, ಇಲ್ಲವೆ ಓಟಗಾರನ ಕೈಗೆ ಕೊಡಬಹುದು. ಪತ್ರಿಕೆಗಳಲ್ಲಿ ಚಿತ್ರ ಬರುವುದು, ಮಕ್ಕಳ ಅಂಗಿಯ ಬೆನ್ನಿನ ಮೇಲೆ ಹೆಸರು ಬರುವುದು ಇವರದು.

ಸೆಂಟರನ ಎರಡು ಮಗ್ಗುಲಲ್ಲಿ ಒಬ್ಬೊಬ್ಬ ಗಾರ್ಡ್, ಅವರ ಆಚೆಗೆ ಒಬ್ಬೊಬ್ಬ ಟ್ಯಾಕಲ್. ಈ ಐವರ ಕೆಲಸ ಎದುರಿನಿಂದ ನುಗ್ಗಿಬರುವವರನ್ನು ಎರಡು ಮೂರು ಕ್ಷಣಗಳ ಕಾಲ ತಡೆಯುವುದು, ಅಥವಾ ಓಟಗಾರನಿಗೆ ದಾರಿಯಾಗುವಂತೆ ಎದುರಾಳಿಯನ್ನು ಪಕ್ಕಕ್ಕೆ ನೂಕುವುದು. ಮುಂದಕ್ಕೆ ಎಸೆದ ಚೆಂಡನ್ನು ಹಿಡಿಯುವ ಅಧಿಕಾರ, ಕೆಲವು ವಿಶೇಷ ಸಂದರ್ಭಗಳನ್ನು ಬಿಟ್ಟರೆ, ನಿಯಮದಂತೆ ಇವರಿಗಿಲ್ಲ. ಎದುರಾಳಿಯನ್ನು ಹಿಡಿದು ನಿಲ್ಲಿಸುವಂತೆಯೂ ಇಲ್ಲ. ಹಿಡಿದರೆ ಹತ್ತು ಗಜ ದಂಡ. ಕಬಡ್ಡಿಯನ್ನು ಬಲ್ಲ ನಮ್ಮ ವಿದ್ಯಾರ್ಥಿಗಳಿಗೆ ಇದು ವಿಚಿತ್ರವಾಗಿ ಕಾಣಬಹುದು. ಕಬಡ್ಡಿಯಲ್ಲಿ ಮೂಲೆಯವನು ಪಾದಕ್ಕೆ ಕೈಹಾಕಿದೊಡನೆ ಉಳಿದವರು ಸರಪಳಿಯಾಗಿ ಬಂದು ಕವಿಯುತ್ತಾರೆ. ಹಿಡಿಯುವುದೇ ಅಲ್ಲಿ ವಿದ್ಯೆ. ಇಲ್ಲಿ ೧೩೦ ಕಿಲೋ ತೂಕದ ಎದುರಾಳಿ ಓಡಿಬಂದು ಮೇಲೆ ಬೀಳುವಾಗ ಅವನನ್ನು ಹಿಡಿಯದೆಯೇ ತಡೆಯಬೇಕು, ಹಿಂದಕ್ಕೆ ಸರಿಯುತ್ತಲೇ ನೆಲ ಬಿಡದಿರಬೇಕು. ಬಲವೊಂದೇ ಇದಕ್ಕೆ ಸಾಲದು. ಎದುರಿನ ಸಾಲು ನಿಂತ ರೀತಿಯನ್ನು ನೋಡಿ ಯಾರು ಎಲ್ಲಿಂದ ನುಗ್ಗುವರೆಂದು ಊಹಿಸಿ, ಉಳಿದ ನಾಲ್ವರಿಗೆ ಸಂಕೇತದಲ್ಲಿ ಕೂಗಿ ಹೇಳುವ ಹೊಣೆ ಸಾಮಾನ್ಯವಾಗಿ ಸೆಂಟರನದು.

ಈ ಸಾಲು ಹುಟ್ಟಿದ ಬಗೆಯೂ ವಿಚಾರಾರ್ಹವಾಗಿದೆ. ಇಂಗ್ಲೆಂಡಿನ ರಗ್ಬಿಯಿಂದ ಒಡೆದು ಬಂದ ಈ ಆಟಕ್ಕೆ ೧೮೮೦ರಲ್ಲಿ ಯೇಲ್ ವಿಶ್ವವಿದ್ಯಾನಿಲಯದ ವಾಲ್ಟರ್ ಕ್ಯಾಂಪ್ ಎಂಬವನ ಪ್ರಯತ್ನದಿಂದ ಎರಡು ಪಕ್ಷಗಳನ್ನು ಬೇರ್ಪಡಿಸುವ ಗೆರೆ ಬಂತು. ೧೮೮೨ರಲ್ಲಿ ಇಷ್ಟು ಅವಕಾಶಗಳಲ್ಲಿ ಇಷ್ಟು ಗಜ ಸಾಗಬೇಕೆಂಬ ಕಟ್ಟಳೆ ಬಂತು. ಗೆರೆ ಬಂದ ಮೇಲೆ ಗೆರೆಯ ಮೇಲೆ ನಿಲ್ಲುವವರು ಬೇಕಾದರು. ೧೮೯೨ರಲ್ಲಿ ಹಾರ್ವರ್ಡಿನವರು ಆಟಗಾರರನ್ನು ಬೆಣೆಯಾಕಾರದಲ್ಲಿ ಕೂಡಿಸಿ ಎದುರಿನ ಸಾಲಿನ ಒಂದೇ ಬಿಂದುವಿನ ಮೇಲೆ ಓಡಿಸಿದರು. ಮಹಾಭಾರತದ ವ್ಯೂಹಗಳ ವರ್ಣನೆಯನ್ನು ಕೇಳಿ ಬೆಳೆದ ನಮಗೆ ಅದರ ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ. ಆಟದಲ್ಲಿ ಸಾಯುವವರ ಸಂಖ್ಯೆ ಬೆಳೆದು, ೧೯೦೫ರ ಅಕ್ಟೋಬರಿನಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ಗಳ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿಕೊಳ್ಳಬೇಕಾಯಿತು. ಮರುವರ್ಷ ನಿಯಮಗಳು ಬದಲಾಗಿ ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ದೊರೆಯಿತು. ಕಣ ಬಿಚ್ಚಿಕೊಂಡಿತು, ಸಾವುಗಳು ಇಳಿದವು. ಆದರೆ ಗೆರೆಯ ಮೇಲೆ ನಿಂತವರಿಗೆ ಮಾತ್ರ ಆಟ ಹಿಂದಿನಂತೆಯೇ ಉಳಿಯಿತೆಂದು ಹೇಳಬೇಕು. ಎಸೆಯುವವನನ್ನು ಕಾಯುವ ಹೊಸ ಕೆಲಸ ಅವರ ಮೇಲೆ ಬಿತ್ತಷ್ಟೆ. ೧೯೨೦ರಲ್ಲಿ ಒಹಾಯೊ ರಾಜ್ಯದ ಕ್ಯಾಂಟನ್ ಪಟ್ಟಣದಲ್ಲಿ ಸ್ಥಾಪನೆಯಾಗಿ ಮುಂದೆ ನ್ಯಾಷನಲ್ ಫುಟ್‌ಬಾಲ್ ಲೀಗ್ ಎಂದು ಹೆಸರಾದ ಸಂಸ್ಥೆ ಆಟವನ್ನು ವೃತ್ತಿಯನ್ನಾಗಿ ಮಾಡಿದಾಗ ಈ ಕೆಲಸಕ್ಕೂ ಸಂಬಳ ಬಂತು.

ಸಂಬಳ ಬಂದರೂ ಲೆಕ್ಕ ಬರಲಿಲ್ಲ. ಓಟಗಾರನಿಗೆ ಗಜಗಳುಂಟು, ಎಸೆಯುವವನಿಗೆ ಎಸೆತಗಳುಂಟು, ಎದುರಾಳಿಗಳಲ್ಲಿ ಕ್ವಾರ್ಟರ್‌ಬ್ಯಾಕನ್ನು ಕೆಡವಿದವನಿಗೆ ‘ಸ್ಯಾಕ್’ ಎಂಬ ಅಂಕಿಯುಂಟು. ಈ ಕೊನೆಯದನ್ನು ಲೀಗು ೧೯೮೨ರಿಂದ ಆಟಗಾರನ ಹೆಸರಿನಲ್ಲಿ ಅಧಿಕೃತವಾಗಿ ಎಣಿಸತೊಡಗಿತು. ಇದರ ಅರ್ಥವನ್ನು ಯೋಚಿಸಬೇಕು: ಲೈನ್‌ಮನ್ ಒಂದು ಬಾರಿ ಸೋತರೆ ಅದು ಇನ್ನೊಬ್ಬನ ಜಮಾಖಾತೆಗೆ ಹೋಗುತ್ತದೆ, ಐವತ್ತು ಬಾರಿ ಗೆದ್ದರೆ ಯಾರ ಖಾತೆಯಲ್ಲಿಯೂ ಇರದು. ಮೈದಾನದಲ್ಲಿ ನಿರ್ಣಾಯಕನು ಅವನ ಅಂಗಿಯ ಸಂಖ್ಯೆಯನ್ನು ಗಟ್ಟಿಯಾಗಿ ಸಾರುವುದು ಅವನು ತಪ್ಪು ಮಾಡಿದಾಗ. ಇತ್ತೀಚಿನ ವರ್ಷಗಳಲ್ಲಿ ಚಲನಚಿತ್ರವನ್ನು ಹಿಂದುಮುಂದು ತಿರುಗಿಸಿ ನೋಡಿ ಇವರಿಗೂ ಅಂಕ ಕೊಡುವ ಖಾಸಗಿ ಸಂಸ್ಥೆಗಳು ಹುಟ್ಟಿವೆ. ಅವುಗಳ ಅಂಕ ಅಭಿಪ್ರಾಯವೇ ಹೊರತು ಎಣಿಕೆಯಲ್ಲ. ಕ್ಯಾಂಟನ್‌ನಲ್ಲಿ ೧೯೬೩ರಲ್ಲಿ ತೆರೆದ ಕೀರ್ತಿಭವನಕ್ಕೆ ಕೇವಲ ಆಫೆನ್ಸಿವ್ ಲೈನ್‌ಮನ್ ಆಗಿ ಆಡಿದ ಒಬ್ಬನು ಮೊದಲು ಪ್ರವೇಶ ಪಡೆದುದು ೧೯೭೩ರಲ್ಲಿ. ಆತ ಬಾಲ್ಟಿಮೋರಿನ ಜಿಮ್ ಪಾರ್ಕರ್.

ಇನ್ನು ಒಂದು ವೃತ್ತಿಜೀವನವನ್ನು ಹತ್ತಿರದಿಂದ ನೋಡೋಣ. ಮೈಕ್ ವೆಬ್‌ಸ್ಟರ್ ೧೯೫೨ರಲ್ಲಿ ಉತ್ತರದ ವಿಸ್ಕಾನ್ಸಿನ್ ರಾಜ್ಯದಲ್ಲಿ, ಆಲೂಗೆಡ್ಡೆ ಬೆಳೆಯುವ ರೈತ ಕುಟುಂಬವೊಂದರಲ್ಲಿ ಹುಟ್ಟಿದನು. ಆ ರಾಜ್ಯದ ವಿಶ್ವವಿದ್ಯಾನಿಲಯದಲ್ಲಿ ಆಡಿ, ೧೯೭೪ರಲ್ಲಿ ವೃತ್ತಿಪರ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವಾಗ ಐದನೆಯ ಸುತ್ತಿನಲ್ಲಿ, ೧೨೫ನೆಯವನಾಗಿ, ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡವನ್ನು ಸೇರಿದನು. ಅಷ್ಟು ತಡವಾಗಿ ಆಯ್ಕೆಯಾಗಲು ಕಾರಣ, ಸೆಂಟರನಿಗೆ ತಕ್ಕ ಗಾತ್ರ ಆತನಲ್ಲಿಲ್ಲವೆಂಬ ಅಭಿಪ್ರಾಯ. ವ್ಯಾಯಾಮದಿಂದ ಮೈ ಬೆಳೆಸಿದನು. ತನ್ನ ಉತ್ತಮ ದಿನಗಳಲ್ಲಿ ಸುಮಾರು ೧೧೫ ಕಿಲೋ ತೂಗುತ್ತಿದ್ದನು. ಈಗಿನ ಲೈನ್‌ಮನ್‌ಗಳು ೧೩೫ ಕಿಲೋ ಮೀರಿದವರು. ಅವರ ಮುಂದೆ ಆತ ಹುಡುಗನಂತೆ ಕಾಣುತ್ತಿದ್ದನು. ಪಿಟ್ಸ್‌ಬರ್ಗ್ ತಂಡದಲ್ಲಿ ಹದಿನೈದು ವರ್ಷ, ೨೨೦ ಪಂದ್ಯ. ಅನಂತರ ಕಾನ್ಸಾಸ್ ಸಿಟಿಯಲ್ಲಿ ಎರಡು ವರ್ಷ. ತಂಡ ೧೯೭೪, ೧೯೭೫, ೧೯೭೮, ೧೯೭೯ರ ಋತುಗಳಲ್ಲಿ ನಾಲ್ಕು ಬಾರಿ ಸೂಪರ್ ಬೌಲ್ ಗೆದ್ದಿತು. ಕೊರೆಯುವ ಚಳಿಯಲ್ಲಿಯೂ ತೋಳು ಬರಿದಾಗಿಟ್ಟುಕೊಂಡು ಆಡುತ್ತಿದ್ದ ಆತನನ್ನು ಜನ ‘ಉಕ್ಕಿನ ಮೈಕ್’ ಎಂದು ಕರೆದರು. ಉಕ್ಕಿನ ಕಾರ್ಖಾನೆಗಳ ಊರಾದ ಪಿಟ್ಸ್‌ಬರ್ಗಿನಲ್ಲಿ ಅದು ಸಣ್ಣ ಬಿರುದಲ್ಲ.

ಆಟದ ಪ್ರತಿಯೊಂದು ಅವಕಾಶದಲ್ಲಿಯೂ ಸೆಂಟರನ ತಲೆ ಕೆಳಗೆ ಬಗ್ಗಿರುತ್ತದೆ. ಚೆಂಡನ್ನು ಹಿಂದಕ್ಕೆ ಕೊಟ್ಟ ಮರುಕ್ಷಣದಲ್ಲಿ ಎದುರಾಳಿ ಆ ತಲೆಗೇ ಬಂದು ಬಡಿಯುತ್ತಾನೆ. ಇಂಥ ಒಂದೊಂದು ಪೆಟ್ಟೂ ಮೂರ್ಛೆ ಬರಿಸುವಂಥದಲ್ಲ. ಆದುದರಿಂದ ಅದು ಗಾಯವೆಂದು ಯಾವ ವೈದ್ಯನ ಪುಸ್ತಕದಲ್ಲಿಯೂ ದಾಖಲಾಗಲಿಲ್ಲ. ದಿನಕ್ಕೆ ಅರುವತ್ತು ಎಪ್ಪತ್ತು ಬಾರಿ, ಅಭ್ಯಾಸದ ದಿನಗಳಲ್ಲಿಯೂ ಸೇರಿ, ಹದಿನೇಳು ವರ್ಷ. ಗೆಲುವು ಲೆಕ್ಕಕ್ಕೆ ಸಿಕ್ಕದಂತೆ ಪೆಟ್ಟೂ ಲೆಕ್ಕಕ್ಕೆ ಸಿಕ್ಕಲಿಲ್ಲ. ಮುಂದಿನ ಕಥೆಯೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿದೆ.

ಆ ಕಥೆಗೆ ಹೋಗುವ ಮೊದಲು ಈ ವೃತ್ತಿಯ ಬೆಲೆ ಏರಿದ ಬಗೆಯನ್ನು ಹೇಳಬೇಕು. ೧೯೭೮ರಲ್ಲಿ ಲೀಗು, ಎಸೆತದ ಆಟವನ್ನು ಹೆಚ್ಚಿಸುವ ಉದ್ದೇಶದಿಂದ, ಲೈನ್‌ಮನ್ ತನ್ನ ತೋಳುಗಳನ್ನು ಚಾಚಿ ಅಂಗೈ ತೆರೆದು ತಡೆಯಬಹುದೆಂದು ನಿಯಮ ಮಾಡಿತು. ಅದುವರೆಗೆ ಮೊಣಕೈ ಮಡಿಚಿ ಮೈಯಿಂದಲೇ ತಡೆಯಬೇಕಾಗಿತ್ತು. ಎಸೆತ ಹೆಚ್ಚಿದಂತೆ ಎಸೆಯುವವನ ಬೆಲೆಯೂ, ಅವನನ್ನು ಕಾಯುವವನ ಬೆಲೆಯೂ ಏರಿದವು. ೧೯೮೫ರ ನವೆಂಬರ್ ೧೮ರ ರಾತ್ರಿ ನ್ಯೂಯಾರ್ಕ್ ಜಯಂಟ್ಸ್ ತಂಡದ ಲಾರೆನ್ಸ್ ಟೇಲರ್ ಮೇಲೆಬಿದ್ದ ರಭಸಕ್ಕೆ ವಾಷಿಂಗ್ಟನ್ನಿನ ಕ್ವಾರ್ಟರ್‌ಬ್ಯಾಕ್ ಜೋ ಥೈಸ್‌ಮನ್‌ನ ಕಾಲಿನ ಮೂಳೆ ಮುರಿಯಿತು. ಆತ ಮತ್ತೆ ಆಡಲಿಲ್ಲ. ದೂರದರ್ಶನದಲ್ಲಿ ಕೋಟ್ಯಂತರ ಜನ ಅದನ್ನು ಕಂಡರು. ಬಲಗೈಯಿಂದ ಎಸೆಯುವವನ ಬೆನ್ನು ಎಡಕ್ಕಿರುತ್ತದೆ. ಅವನ ಕಣ್ಣಿಗೆ ಬೀಳದ ಆ ಮಗ್ಗುಲನ್ನು ಕಾಯುವವನು ಎಡ ಟ್ಯಾಕಲ್. ಆಟಗಾರರು ಒಪ್ಪಂದ ಮುಗಿದ ಮೇಲೆ ತಮಗೆ ಬೇಕಾದ ತಂಡಕ್ಕೆ ಹೋಗುವ ಸ್ವಾತಂತ್ರ್ಯ ೧೯೯೩ರಲ್ಲಿ ಬಂದಾಗ ಈ ಎಡ ಟ್ಯಾಕಲ್‌ಗಳು ಅತಿ ಹೆಚ್ಚು ಸಂಬಳ ಪಡೆಯುವವರ ಪಂಕ್ತಿಗೆ ಏರಿದರು. ಅಂಕಿಯಿಲ್ಲದವನಿಗೆ ಪೇಟೆ ಬೆಲೆ ಕಟ್ಟಿತು. ಚರಿತ್ರಕಾರನಿಗೆ ಲೈನ್‌ಮನ್‌ನ ಬಗ್ಗೆ ದೊರೆಯುವ ಮೊದಲ ನಂಬುಗೆಯ ಲಿಖಿತ ಆಧಾರವೆಂದರೆ ಅವನ ಸಂಬಳದ ಕರಾರುಪತ್ರ.

ಆ ಸ್ವಾತಂತ್ರ್ಯವನ್ನು ದೊರಕಿಸಿದವರಲ್ಲಿ ಮುಖ್ಯನಾದವನೂ ಒಬ್ಬ ಲೈನ್‌ಮನ್ನೇ. ಜೀನ್ ಅಪ್‌ಶಾ ೧೯೪೫ರಲ್ಲಿ ಟೆಕ್ಸಾಸಿನ ರಾಬ್ಸ್‌ಟೌನ್‌ನಲ್ಲಿ ಹುಟ್ಟಿ, ಬಾಲ್ಯದಲ್ಲಿ ಹತ್ತಿ ಬಿಡಿಸುವ ಕೆಲಸ ಮಾಡಿ, ೧೯೬೭ರಿಂದ ೧೯೮೧ರವರೆಗೆ ಓಕ್‌ಲೆಂಡ್ ರೈಡರ್ಸ್ ತಂಡದ ಎಡ ಗಾರ್ಡ್ ಆಗಿದ್ದ ಕರಿಯ ಜನಾಂಗದ ಆಟಗಾರ. ೧೯೮೩ರಲ್ಲಿ ಆಟಗಾರರ ಸಂಘದ ಕಾರ್ಯನಿರ್ವಾಹಕ ನಿರ್ದೇಶಕನಾದನು. ೧೯೮೭ರ ಮುಷ್ಕರವನ್ನು ಮಾಲೀಕರು ಬದಲಿ ಆಟಗಾರರನ್ನು ಇಳಿಸಿ ಮುರಿದರು. ಮುಷ್ಕರದಲ್ಲಿ ಸೋತ ಸಂಘ ನ್ಯಾಯಾಲಯಕ್ಕೆ ಹೋಯಿತು. ಅದಕ್ಕಾಗಿ ೧೯೮೯ರಲ್ಲಿ ಕಾರ್ಮಿಕ ಸಂಘವೆಂಬ ತನ್ನ ಸ್ಥಾನವನ್ನೇ ತ್ಯಜಿಸಿತು. ೧೯೯೨ರ ಸೆಪ್ಟೆಂಬರಿನಲ್ಲಿ ಜ್ಯೂರಿಯ ತೀರ್ಪು ಆಟಗಾರರ ಪರವಾಗಿ ಬಂತು. ಮರುವರ್ಷದ ಒಪ್ಪಂದ ಅದರ ಫಲ. ಕಾರ್ಮಿಕ ಚಳವಳಿಯ ಚರಿತ್ರೆಯನ್ನು ಬೋಧಿಸುವ ಅಧ್ಯಾಪಕರು ಈ ಪ್ರಕರಣವನ್ನು ಪಾಠದಲ್ಲಿ ಬಳಸಿಕೊಳ್ಳಬಹುದು.

ಈಗ ವೆಬ್‌ಸ್ಟರನ ಉತ್ತರಾರ್ಧ. ೧೯೯೧ರಲ್ಲಿ ಆತ ನಿವೃತ್ತನಾದನು. ಕೆಲವೇ ವರ್ಷಗಳಲ್ಲಿ ಹಣ ಕರಗಿತು, ಸಂಸಾರ ಒಡೆಯಿತು, ನೆನಪು ಕೆಟ್ಟಿತು. ಕೀರ್ತಿಭವನಕ್ಕೆ ೧೯೯೭ರಲ್ಲಿ ಆಯ್ಕೆಯಾದ ಈ ಮನುಷ್ಯ ಹಲವು ರಾತ್ರಿಗಳನ್ನು ತನ್ನ ವಾಹನದಲ್ಲಿಯೇ ಮಲಗಿ ಕಳೆದನು. ೧೯೯೯ರಲ್ಲಿ ಒಬ್ಬ ವಕೀಲನ ನೆರವಿನಿಂದ ಲೀಗಿನ ನಿವೃತ್ತಿವೇತನ ಮಂಡಳಿಗೆ ಅರ್ಜಿ ಹಾಕಿದನು. ಈ ಮಂಡಳಿಯಲ್ಲಿ ಮಾಲೀಕರು ನೇಮಿಸಿದ ಮೂವರು, ಆಟಗಾರರ ಸಂಘ ನೇಮಿಸಿದ ಮೂವರು. ಆಟದ ಪೆಟ್ಟುಗಳಿಂದಲೇ ಆತ ಸಂಪೂರ್ಣವಾಗಿ, ಶಾಶ್ವತವಾಗಿ ಅಶಕ್ತನಾಗಿದ್ದಾನೆಂದು ಮಂಡಳಿ ಒಪ್ಪಿತು. ಆದರೆ ಆ ಅಶಕ್ತತೆ ಆರಂಭವಾದುದು ನಿವೃತ್ತಿಯಾಗಿ ವರ್ಷಗಳು ಕಳೆದ ಮೇಲೆ ಎಂದು ಹೇಳಿ ಕಡಮೆ ದರದ ವೇತನವನ್ನು ಮಾತ್ರ ಮಂಜೂರು ಮಾಡಿತು. ಆಡುತ್ತಿದ್ದಾಗಲೇ ಅಶಕ್ತನಾದನೆಂದು ತೋರಿಸಿದರೆ ಹೆಚ್ಚಿನ ದರ ದೊರೆಯುತ್ತಿತ್ತು. ಮಂಡಳಿ ತಾನೇ ಗೊತ್ತುಮಾಡಿದ ವೈದ್ಯನು ಕೂಡ ೧೯೯೧ರ ಮಾರ್ಚಿಯಲ್ಲಿಯೇ ಆತ ಅಶಕ್ತನಾಗಿದ್ದನೆಂದು ಬರೆದುಕೊಟ್ಟರೂ ಅದು ನಡೆಯಲಿಲ್ಲ. ಆಗಿನ ವೈದ್ಯಕೀಯ ಕಾಗದಗಳೆಲ್ಲಿ ಎಂಬುದೇ ಪ್ರಶ್ನೆ; ದಿನದಿನದ ಪೆಟ್ಟನ್ನು ಯಾರೂ ಬರೆದಿಟ್ಟಿರಲಿಲ್ಲ.

೨೦೦೨ರ ಸೆಪ್ಟೆಂಬರ್ ೨೪ರಂದು ಐವತ್ತನೆಯ ವಯಸ್ಸಿನಲ್ಲಿ ವೆಬ್‌ಸ್ಟರ್ ತೀರಿಕೊಂಡನು. ಪಿಟ್ಸ್‌ಬರ್ಗಿನಲ್ಲಿ ಶವಪರೀಕ್ಷೆ ಮಾಡಿದವರು ನೈಜೀರಿಯಾ ಮೂಲದ ವೈದ್ಯರಾದ ಬೆನೆಟ್ ಒಮಾಲು. ಹೊರನೋಟಕ್ಕೆ ಮಿದುಳು ಸಹಜವಾಗಿತ್ತು. ಆತನ ಕೊನೆಯ ವರ್ಷಗಳ ವರ್ತನೆಯನ್ನು ಕೇಳಿದ್ದ ಒಮಾಲು ಅದಕ್ಕೆ ತೃಪ್ತರಾಗದೆ ಮಿದುಳನ್ನು ಕಾಯ್ದಿರಿಸಿ, ತೆಳುವಾದ ಸೀಳುಗಳಾಗಿ ಕೊಯ್ಯಿಸಿ ಸೂಕ್ಷ್ಮದರ್ಶಕದಲ್ಲಿ ಪರಿಶೀಲಿಸಿದರು. ‘ಟೌ’ ಎಂಬ ಪ್ರೋಟೀನು ಅಲ್ಲಲ್ಲಿ ಗಂಟುಗಟ್ಟಿ ಕೋಶಗಳನ್ನು ಹಾಳುಮಾಡಿದ್ದುದು ಕಂಡಿತು. ಮುಷ್ಟಿಯುದ್ಧದವರಲ್ಲಿ ಇಂಥ ರೋಗವನ್ನು ವೈದ್ಯರು ೧೯೨೮ರಿಂದಲೂ ಬಲ್ಲರು. ವೃತ್ತಿಪರ ಫುಟ್‌ಬಾಲ್ ಆಟಗಾರನ ಮಿದುಳಿನಲ್ಲಿ ಅದನ್ನು ತೋರಿಸಿದ ಮೊದಲ ಲೇಖನ ೨೦೦೫ರಲ್ಲಿ ಪ್ರಕಟವಾದ ಇವರದೇ. ಲೀಗು ೧೯೯೪ರಲ್ಲಿ ರಚಿಸಿದ್ದ ಮಿದುಳು ಪೆಟ್ಟಿನ ಸಮಿತಿಯ ವೈದ್ಯರು ಆ ಲೇಖನವನ್ನು ಹಿಂತೆಗೆದುಕೊಳ್ಳಬೇಕೆಂದು ಪತ್ರಿಕೆಗೆ ಬರೆದರು. ಪತ್ರಿಕೆ ಒಪ್ಪಲಿಲ್ಲ.

ಇತ್ತ ವಾರಸುದಾರರು ಹೂಡಿದ ದಾವೆಯಲ್ಲಿ ೨೦೦೫ರಲ್ಲಿ ಬಾಲ್ಟಿಮೋರಿನ ನ್ಯಾಯಾಲಯವೂ, ೨೦೦೬ರ ಡಿಸೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯವೂ ಮಂಡಳಿಯ ನಿರ್ಧಾರವನ್ನು ತಳ್ಳಿಹಾಕಿದವು. ಹದಿನೈದು ಲಕ್ಷ ಡಾಲರಿಗೂ ಮಿಕ್ಕ ಹಣ ಕುಟುಂಬಕ್ಕೆ ಬಂತು. ಯಾರಿಗೆ ಬೇಕಾಗಿತ್ತೋ ಆತ ಇರಲಿಲ್ಲ. ಲೈನ್‌ಮನ್‌ನ ಬಗ್ಗೆ ನಮಗೆ ದೊರೆಯುವ ಎರಡನೆಯ ಬಗೆಯ ಲಿಖಿತ ಆಧಾರ ಇದು: ಶವಪರೀಕ್ಷೆಯ ವರದಿ ಮತ್ತು ನ್ಯಾಯಾಲಯದ ಕಡತ.

ಅಪ್‌ಶಾನ ವಿಷಯದಲ್ಲಿ ತೀರ್ಪು ಕೊಡುವುದು ಸುಲಭವಲ್ಲ. ಮಂಡಳಿಯ ಅರ್ಧಭಾಗ ಆತನ ಸಂಘ ನೇಮಿಸಿದ್ದು. ಗೆರೆಯ ಮೇಲೆ ಹದಿನೈದು ವರ್ಷ ತಲೆ ಕೊಟ್ಟವನೇ ಇನ್ನೊಬ್ಬ ಲೈನ್‌ಮನ್‌ನ ಕೂಗನ್ನು ಕೇಳಲಿಲ್ಲವೆಂದು ನಿವೃತ್ತ ಆಟಗಾರರು ದೂರಿದರು. ೨೦೦೭ರಲ್ಲಿ ಅಮೆರಿಕದ ಶಾಸನಸಭೆಯ ಸಮಿತಿಗಳ ಮುಂದೆಯೂ ಆ ದೂರು ಹೋಯಿತು. ಸಂಘಕ್ಕೆ ಚಂದಾ ಕೊಡುವವರು ಈಗ ಆಡುತ್ತಿರುವವರು, ಮತ ಹಾಕುವವರೂ ಅವರೇ. ಆದುದರಿಂದ ಸಂಘದ ಗಮನವೆಲ್ಲ ಸಂಬಳದ ಕಡೆಗೆ ಹೋಯಿತೆಂಬುದು ನನಗೆ ತೋರುವ ವಿವರಣೆ. ಇದು ಆತನ ಹೊಣೆಯನ್ನು ತೊಡೆಯದು. ಅದೇ ೨೦೦೭ರಲ್ಲಿ ಬುದ್ಧಿಮಾಂದ್ಯಕ್ಕೆ ಒಳಗಾದ ನಿವೃತ್ತರ ಆರೈಕೆಗೆಂದು, ಬಾಲ್ಟಿಮೋರಿನ ಜಾನ್ ಮ್ಯಾಕಿಯ ಅಂಗಿಯ ಸಂಖ್ಯೆಯಾದ ೮೮ರ ಹೆಸರಿನಲ್ಲಿ, ವರ್ಷಕ್ಕೆ ೮೮,೦೦೦ ಡಾಲರುಗಳವರೆಗೆ ನೆರವು ನೀಡುವ ಯೋಜನೆ ಬಂತೆಂಬುದನ್ನೂ ನೆನೆಯಬೇಕು. ಅಪ್‌ಶಾ ೨೦೦೮ರ ಆಗಸ್ಟಿನಲ್ಲಿ, ಆ ಸ್ಥಾನದಲ್ಲಿರುವಾಗಲೇ ನಿಧನನಾದನು.

ಅನಂತರದ ಘಟನೆಗಳನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ೨೦೧೧ರಿಂದ ಸಾವಿರಾರು ನಿವೃತ್ತರು ಲೀಗಿನ ಮೇಲೆ ದಾವೆ ಹೂಡಿದರು. ೨೦೧೩ರಲ್ಲಿ ೭೬.೫ ಕೋಟಿ ಡಾಲರುಗಳ ರಾಜಿ ಪ್ರಕಟವಾಯಿತು; ಆ ಹಣ ಸಾಲದೆಂದು ನ್ಯಾಯಾಧೀಶರು ಶಂಕಿಸಿದ್ದರಿಂದ ಮಿತಿಯನ್ನು ತೆಗೆದು, ೨೦೧೫ರಲ್ಲಿ ಅನುಮೋದಿಸಿ, ೨೦೧೭ರ ಜನವರಿಯಿಂದ ಜಾರಿಗೆ ತಂದರು. ಆ ರಾಜಿಪತ್ರದಲ್ಲಿ ಒಂದು ನಿಬಂಧನೆಯಿದೆ: ೨೦೦೬ರ ಜನವರಿ ೧ಕ್ಕೆ ಮೊದಲು ತೀರಿಕೊಂಡವರ ವಾರಸುದಾರರು ದಾ‌ವೆಯ ಕಾಲಾವಧಿ ಮೀರಿಲ್ಲವೆಂದು ನ್ಯಾಯಾಲಯವನ್ನು ಒಪ್ಪಿಸಿದ ಹೊರತು ಪರಿಹಾರಕ್ಕೆ ಅರ್ಹರಲ್ಲ. ವೆಬ್‌ಸ್ಟರ್ ತೀರಿಕೊಂಡುದು ೨೦೦೨ರಲ್ಲಿ. ಯಾವನ ಮಿದುಳಿನಿಂದ ಈ ವಿವಾದ ಹುಟ್ಟಿತೋ ಅವನು ಆ ಗೆರೆಯ ಆಚೆಗೆ ಉಳಿದನು.

ಎಲ್ಲ ಲೈನ್‌ಮನ್‌ಗಳ ಬಾಳೂ ಹೀಗಾಯಿತೆಂದು ಭಾವಿಸಬಾರದು. ಬ್ರೂಸ್ ಮ್ಯಾಥ್ಯೂಸ್ ೧೯೮೩ರಿಂದ ೨೦೦೧ರವರೆಗೆ ಸಾಲಿನ ಐದೂ ಸ್ಥಾನಗಳಲ್ಲಿ ಆಡಿ ೨೯೬ ಪಂದ್ಯಗಳನ್ನು ಮುಗಿಸಿದನು. ಕ್ಲೀವ್‌ಲ್ಯಾಂಡಿನ ಜೋ ಥಾಮಸನ ವಿಷಯ ನಮ್ಮ ಚರ್ಚೆಗೆ ಹೆಚ್ಚು ಸಮೀಪವಾದುದು. ೨೦೦೭ರಲ್ಲಿ ಎಡ ಟ್ಯಾಕಲ್ ಆಗಿ ನಿಂತವನು ೨೦೧೭ರಲ್ಲಿ ತೋಳಿನ ಸ್ನಾಯು ಹರಿಯುವವರೆಗೆ ಒಂದೇ ಒಂದು ಅವಕಾಶಕ್ಕೂ ಕಣ ಬಿಡಲಿಲ್ಲ. ಆ ಅವಧಿಯಲ್ಲೆಲ್ಲ ಆತನ ತಂಡ ಋತುವಿನ ಅಂತಿಮ ಘಟ್ಟವನ್ನು ಒಮ್ಮೆಯೂ ತಲುಪಲಿಲ್ಲ. ಆತನ ಬಗ್ಗೆ ಹೇಳಲು ಒಂದು ಅಂಕಿ ಬೇಕಾಗಿ ಜನ ಆತ ನಿಂತ ಬಾರಿಗಳನ್ನೇ ಎಣಿಸಿದರು: ಸತತವಾಗಿ ೧೦,೩೬೩. ಮಾಡಿದ್ದನ್ನು ಎಣಿಸಲಾಗದಾಗ ಹಾಜರಿಯನ್ನು ಎಣಿಸುವುದು ನಮ್ಮ ಕಾಲೇಜುಗಳ ರೂಢಿಯೂ ಹೌದು! ೨೦೨೩ರಲ್ಲಿ ಆತ ಕೀರ್ತಿಭವನವನ್ನು ಸೇರಿದನು. ೨೦೧೧ರಲ್ಲಿ ೧೯೧ನೆಯವನಾಗಿ ಆಯ್ಕೆಯಾಗಿ, ಫಿಲಡೆಲ್ಫಿಯಾ ತಂಡದ ಸೆಂಟರ್ ಆಗಿ ಹದಿಮೂರು ಋತು ಆಡಿ ೨೦೨೪ರ ಮಾರ್ಚಿಯಲ್ಲಿ ನಿವೃತ್ತನಾದ ಜೇಸನ್ ಕೆಲ್ಸಿ ಮನೆಮಾತಾದುದಕ್ಕೆ ಆಟದಷ್ಟೇ ಆತನ ಮಾತುಗಾರಿಕೆಯೂ ಕಾರಣ.

ಈ ಆಟವನ್ನು ನಮ್ಮ ದೇಶದಲ್ಲಿ ನೆಡಲು ೨೦೧೧ರಲ್ಲಿ ಎಲೀಟ್ ಫುಟ್‌ಬಾಲ್ ಲೀಗ್ ಎಂಬುದನ್ನು ಪ್ರಕಟಿಸಿ, ಬೆಂಗಳೂರಿನ ಹೆಸರಿನಲ್ಲಿಯೂ ಒಂದು ತಂಡವನ್ನು ಕಟ್ಟಿದರು. ಅದು ಬೇರೂರಲಿಲ್ಲ. ಆದುದರಿಂದ ನಮ್ಮ ಜಿಲ್ಲೆಯ ವಿದ್ಯಾರ್ಥಿಗೆ ಇದರಿಂದೇನು ಪ್ರಯೋಜನವೆಂದು ಕೇಳುವವರಿರಬಹುದು. ಅವರು ಕಬಡ್ಡಿಯ ಕಡೆಗೆ ತಿರುಗಿ ನೋಡಬೇಕು. ೨೦೧೪ರಲ್ಲಿ ಪ್ರೊ ಕಬಡ್ಡಿ ಆರಂಭವಾದಾಗಿನಿಂದ ದಾಳಿಗೆ ಹೋದವನಿಗೆ ದಾಳಿಯ ಅಂಕವೂ ಹಿಡಿದವನಿಗೆ ಹಿಡಿತದ ಅಂಕವೂ ಹೆಸರಿನ ಮುಂದೆ ಸೇರುತ್ತವೆ. ೨೦೧೮ರ ಹರಾಜಿನಲ್ಲಿ ಮೊದಲು ಒಂದು ಕೋಟಿ ರೂಪಾಯಿ ಮುಟ್ಟಿದವನು ಇರಾನಿನ ಫಜಲ್ ಅತ್ರಾಚಲಿ ಎಂಬ ಹಿಡಿತಗಾರನೇ. ಅಮೆರಿಕದವನಿಗಿಂತ ನಮ್ಮ ಹಿಡಿತಗಾರ ಅದೃಷ್ಟಶಾಲಿ ಎನ್ನಬಹುದು. ಆದರೆ ಅಂಕ ಮೊದಲು ಕೈಹಾಕಿದ ಒಬ್ಬನದು. ಸರಪಳಿಯಲ್ಲಿ ಬಂದು ಭಾರ ಹೊತ್ತ ಉಳಿದವರಿಗೆ ಅದರಲ್ಲಿ ಪಾಲಿಲ್ಲ. ಮೊಣಕಾಲಿನ ಮೇಲೆ, ಭುಜದ ಮೇಲೆ ಬಿದ್ದ ಭಾರ ಮಾತ್ರ ಎಲ್ಲರದು.

೨೦೧೪ಕ್ಕೆ ಹಿಂದಿನವರ ವಿಷಯದಲ್ಲಿ ಇಷ್ಟೂ ಇಲ್ಲ. ಕರ್ನಾಟಕದ ಸಿ. ಹೊನ್ನಪ್ಪನವರಿಗೆ ೨೦೦೦ದ, ಬಿ. ಸಿ. ರಮೇಶರಿಗೆ ೨೦೦೧ರ ಅರ್ಜುನ ಪ್ರಶಸ್ತಿ ಬಂತು. ರಮೇಶರು ತರಬೇತುದಾರರಾಗಿ ೨೦೧೯ರಲ್ಲಿ ಬಂಗಾಳದ ತಂಡವನ್ನೂ ೨೦೨೪ರ ಮಾರ್ಚಿಯಲ್ಲಿ ಪುಣೆಯ ತಂಡವನ್ನೂ ಗೆಲ್ಲಿಸಿದರು. ಇವರ ಹೆಸರು ಉಳಿಯುತ್ತದೆ. ಇವರೊಡನೆ ಸಾಲಿನಲ್ಲಿ ನಿಂತು ಕೈ ಕೈ ಹಿಡಿದವರಲ್ಲಿ ಎಷ್ಟೋ ಮಂದಿ ಬ್ಯಾಂಕು, ರೈಲ್ವೆ, ಪೊಲೀಸ್ ಇಲಾಖೆಗಳಲ್ಲಿ ಕ್ರೀಡಾ ಕೋಟಾದಿಂದ ನೌಕರಿ ಪಡೆದು, ಆಡಿ, ನಿವೃತ್ತರಾದರು. ಅವರ ಬಗ್ಗೆ ಬರಹದ ಆಧಾರವೇನಾದರೂ ಇದ್ದರೆ ಅದು ನೌಕರಿಯ ಸೇವಾ ಪುಸ್ತಕದಲ್ಲಿ, ರಜೆಯ ಅರ್ಜಿಗಳಲ್ಲಿ, ಆಸ್ಪತ್ರೆಯ ಚೀಟಿಗಳಲ್ಲಿ ಇರಬೇಕು. ಅಂಥ ಆಟಗಾರರನ್ನು ಸಾಕಿದ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ೨೦೧೭ರ ಏಪ್ರಿಲ್ ೧ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು. ಸಂಸ್ಥೆ ವಿಲೀನವಾದಾಗ ಹಳೆಯ ಕಾಗದಗಳಿಗೆ ಏನಾಗುತ್ತದೆಂಬುದನ್ನು ಕಚೇರಿಗಳ ಪರಿಚಯವಿದ್ದವರಿಗೆ ಹೇಳಬೇಕಾಗಿಲ್ಲ. ತುಮಕೂರು, ಗುಬ್ಬಿ, ಕುಣಿಗಲುಗಳ ಹಳ್ಳಿಗಳಲ್ಲಿ ಮಣ್ಣಿನ ಅಂಕಣದ ಕಾಲದಿಂದ ಆಡಿದವರು ಇನ್ನೂ ಇದ್ದಾರೆ. ಸ್ನಾತಕೋತ್ತರ ತರಗತಿಯ ಕಿರುಪ್ರಬಂಧಕ್ಕೆ ವಿಷಯ ಹುಡುಕುತ್ತಿರುವವರು ಅವರಲ್ಲಿಗೆ ಹೋಗಿ, ಯಾವ ವರ್ಷ ಯಾವ ತಂಡಕ್ಕೆ ಆಡಿದಿರಿ ಎಂಬುದರೊಡನೆ ಯಾವ ವರ್ಷದಿಂದ ಮೊಣಕಾಲು ನೋಯುತ್ತಿದೆ ಎಂಬುದನ್ನೂ ಕೇಳಿ ಬರೆದುಕೊಳ್ಳಬೇಕು. ಅದಕ್ಕೆ ತಾರೀಖನ್ನು ತಪ್ಪದೆ ಹಾಕಬೇಕು.